ರೈತನ ಮಗಳಿಗಿಲ್ಲದ ಸೀಟು

ಎರಡು ತಿಂಗಳ ಹಿಂದೆ ನಂದಿಗುಡಿಯ ನಮ್ಮಣ್ಣನ ಮನೆಗೆ ಹೋದಾಗ ಪಡಸಾಲೆಯಲ್ಲಿ ಒಂದು ಪರೀಕ್ಷೆ ನಡೆದಿತ್ತು. ಹಳೇ ಪೇಪರಿನ ಮೇಲೆ ಬಗೆಬಗೆಯ ಕಾಳುಗಳ ಪುಟ್ಟ ಗುಡ್ಡೆಗಳು. ಒಂದು ಕಡೆ ಅಣ್ಣನ ಮಗಳು ರೇಣುಕಾ, ಎದುರಿಗೆ ಮಗ ಮಂಜುನಾಥ, ಅವಳಿಗಿಂತ ವರ್ಷಕ್ಕೆ ದೊಡ್ಡವನು. ಅವಳು ಬೊಟ್ಟು ಮಾಡುತ್ತಿದ್ದಳು, ಅವನು ಹೆಸರು ಹೇಳುತ್ತಿದ್ದ.

ಸಜ್ಜೆಯನ್ನು ನವಣೆ ಎಂದ. ಗುರೆಳ್ಳನ್ನು ಕರಿ ಎಳ್ಳು ಎಂದ. ಭತ್ತವನ್ನು ಮಾತ್ರ ಸರಿಯಾಗಿ ಹೇಳಿದ. (ಭತ್ತದ ಸೀಮೆಯಲ್ಲಿ ಹುಟ್ಟಿದವನು, ಅಷ್ಟಾದರೂ ಬೇಡವೇ?)

ಅವಳು ಬೈಯಲಿಲ್ಲ, ನಗಲೂ ಇಲ್ಲ. ತಪ್ಪಿದ ಕಾಳನ್ನು ಅವನ ಅಂಗೈಗೆ ಸುರಿದು, ಕಣ್ಣಲ್ಲಿ ಅಲ್ಲ, ಬೆರಳಲ್ಲಿ ನೋಡು ಎನ್ನುತ್ತಿದ್ದಳು.

ಧಾರವಾಡದ ಕೃಷಿ ಕಾಲೇಜಿನಲ್ಲಿ ರೈತರ ಮಕ್ಕಳಿಗೆಂದು ಒಂದಷ್ಟು ಸೀಟು ಇಡುತ್ತಾರೆ. ನಿಜವಾಗಿಯೂ ಹೊಲದಲ್ಲಿ ಬೆಳೆದವರೇ ಹೌದೋ ಎಂದು ನೋಡಲು ಕಾಳು, ಗೊಬ್ಬರ, ಕುಂಟೆ, ಕೂರಿಗೆ ಎಲ್ಲ ಮುಂದಿಟ್ಟು ಕೇಳುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಆ ಪರೀಕ್ಷೆಗೆ ಹೊರಟಿದ್ದವನು ಮಂಜುನಾಥ. ರೇಣುಕಾ ಅವನ ಟ್ಯೂಷನ್ ಟೀಚರ್ ಅಷ್ಟೆ.

ಮಂಜುನಾಥನನ್ನು ನಾನು ಚೆನ್ನಾಗಿ ಬಲ್ಲೆ. ಹೈಸ್ಕೂಲಿನಿಂದ ಅವನು ದಾವಣಗೆರೆಯಲ್ಲಿ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲೇ ಬೆಳೆದವನು. ಒಳ್ಳೆಯ ಹುಡುಗ. ಓದು ಕಡಿಮೆ, ಕ್ರಿಕೆಟ್ ಜಾಸ್ತಿ. ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದು ಈ ವರ್ಷ ತಂಗಿಯ ಜೊತೆಗೇ ಪಾಸಾದ. ಎಂಜಿನಿಯರಿಂಗ್ ಸಿಗಲಿಲ್ಲ. ರಜಕ್ಕೆ ಊರಿಗೆ ಹೋಗು ಎಂದರೆ ಅವನಿಗೆ ತಲೆನೋವು ಬರುತ್ತಿತ್ತು.

ರೇಣುಕಾ? ಬೆಳಿಗ್ಗೆ ಎದ್ದು ಎಮ್ಮೆ ಕರೆದು, ಗದ್ದೆಗೆ ನೀರು ತಿರುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಹರಿಹರದ ಕಾಲೇಜಿಗೆ ಹೋಗಿ ಬಂದವಳು. ಅಣ್ಣನಿಗೆ ಮಂಡಿನೋವು ಶುರುವಾದ ಮೇಲೆ ನಾಟಿಗೆ ಆಳು ಕರೆಯುವುದು, ಗೊಬ್ಬರ ತರಿಸುವುದು ಎಲ್ಲ ಅವಳದೇ. ಇಷ್ಟಾದರೂ ಸೈನ್ಸಿನಲ್ಲಿ ಅವಳಿಗೆ ಬಂದ ಮಾರ್ಕ್ಸು ಮಂಜುನಾಥನ ಕೈಗೆಟುಕುವುದಲ್ಲ. ಅಗ್ರಿಕಲ್ಚರ್ ಓದಬೇಕೆಂಬ ಆಸೆಯೂ ಮೊದಲಿನಿಂದ ಇದ್ದದ್ದು ಅವಳಿಗೇ.

ಊಟವಾದ ಮೇಲೆ ಅಣ್ಣನನ್ನು ಕೇಳಿದೆ. ಅವಳನ್ನು ಯಾಕೆ ಕಳಿಸುತ್ತಿಲ್ಲ?

ಅಣ್ಣ ಸಿಟ್ಟಾಗಲಿಲ್ಲ. ಅವನು ಒರಟನಲ್ಲ. (ನಾನು ಕಾಲೇಜಿಗೆ ಹೋಗುತ್ತೇನೆಂದು ಹಠ ಹಿಡಿದಾಗ ಅಪ್ಪನ ಎದುರು ನಿಂತು ನನ್ನ ಪರ ಮಾತಾಡಿದವನು ಇವನೇ ಎಂದು ಹಿಂದೊಮ್ಮೆ ಈ ಅಂಕಣದಲ್ಲೇ ಬರೆದಿದ್ದೆ.) ತಾಳ್ಮೆಯಿಂದಲೇ ಹೇಳಿದ.

“ನೋಡವ್ವ, ಅವ್ನು ಇಲ್ಲಿದ್ದು ಏನ್ ಮಾಡ್ತಾನೆ? ಗದ್ದೆಗೆ ಇಳಿದ್ರೆ ಸಸಿ ತುಳೀತಾನೆ. ಎಲ್ಲಾದ್ರೂ ಓದಿ ಒಂದು ನೌಕ್ರಿ ಹಿಡೀಲಿ. ಇವ್ಳು ಹೋದ್ರೆ ಇಲ್ಲಿ ನೋಡೋರು ಯಾರು?”

ಇಬ್ಬರನ್ನೂ ಕಳಿಸು ಎಂದೆ. ಆಳು ಸಿಗುವುದಿಲ್ಲ ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ಹುಡುಗಿ ಹಾಸ್ಟೆಲ್ಲಿನಲ್ಲಿದ್ದರೆ ಆವರಗೆರೆಯವರು ಏನಂದುಕೊಂಡಾರು ಎಂದರು. ಆವರಗೆರೆಯವರೆಂದರೆ ರೇಣುಕಾಳನ್ನು ಸೊಸೆ ಮಾಡಿಕೊಳ್ಳಲು ಮನಸ್ಸಿರುವವರು. ಅವರ ಹೊಲವೆಲ್ಲ ಈಗ ಸೈಟುಗಳು. ಪೈರು ಇದ್ದ ಕಡೆ ಕಲ್ಲು ನೆಟ್ಟಿದ್ದಾರೆ. ಹುಡುಗಿ ಬಿ.ಎ. ಮಾಡಿದ್ದರೆ ಸಾಕು, ಕೆಲಸಕ್ಕೇನೂ ಹೋಗುವುದು ಬೇಡ ಎಂದಿದ್ದಾರಂತೆ. ಉದಾರಿಗಳು!

ಕೊನೆಗೆ ನನ್ನ ಕೈಲಿದ್ದ ಒಂದೇ ಅಸ್ತ್ರ ಬಿಟ್ಟೆ. ಅವತ್ತು ನನಗೋಸ್ಕರ ಅಪ್ಪನ ಹತ್ತಿರ ಜಗಳ ಆಡಿದ್ದೆಯಲ್ಲ ಅಣ್ಣ, ಮಗಳಿಗೆ ಯಾಕೆ ಹೀಗೆ?

ಅಣ್ಣ ನಕ್ಕ. “ನೀನು ಗದ್ದೆ ಕೆಲ್ಸಕ್ಕೆ ಬರ್ತಿರ್ಲಿಲ್ಲಲ್ಲವ್ವ. ಅದಕ್ಕೇ ಓದ್ಲಿ ಬಿಡು ಅಂದೆ.”

ನಾನು ಇಷ್ಟು ವರ್ಷ ಜಾಣೆಯೆಂದು ಓದಿಸಿದರು ಅಂದುಕೊಂಡಿದ್ದೆ!

ಹಿತ್ತಿಲಿಗೆ ಬಂದೆ. ರೇಣುಕಾ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ನೀನಾದರೂ ಗಟ್ಟಿಯಾಗಿ ಕೇಳಬಾರದಿತ್ತೇ ಎಂದೆ.

“ಕೇಳ್ದೆ ಅತ್ತೆ. ಅಪ್ಪಾಜಿ, ನೀನಿಲ್ದಿದ್ರೆ ಮನೆ ನಡೆಯಲ್ಲವ್ವ ಅಂದ್ರು. ಬೈದಿದ್ರೆ ನಾನೂ ಜಗಳ ಆಡ್ತಿದ್ದೆ.”

ಬೈಗುಳಕ್ಕೆ ಎದುರಾಡಬಹುದು, ಹೊಗಳಿಕೆಗೆ? ಮತ್ತೆ ಅವನಿಗೇಕೆ ಕಾಳು ಕಲಿಸುತ್ತಿದ್ದೀಯ ಎಂದು ಕೇಳಿದೆ.

“ಅವ್ನು ಫೇಲಾದ್ರೆ ಇಲ್ಲೇ ಇರ್ತಾನೆ. ಅವ್ನ ಬಟ್ಟೆನೂ ನಾನೇ ಒಗೀಬೇಕು.”

ಹೇಳಿ ಹುಲ್ಲಿನ ಕಡೆ ತಿರುಗಿದಳು. ಮುಖ ನನಗೆ ಕಾಣಲಿಲ್ಲ.

ಮಂಜುನಾಥ ಪಾಸಾದ. ಸೀಟೂ ಸಿಕ್ಕಿತು. ಧಾರವಾಡದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ತಂಗಿ ಹೇಳಿಕೊಟ್ಟಿದ್ದೇ ಬಂದಿತ್ತು ಎಂದ. ಅಣ್ಣ ಊರಿಗೆಲ್ಲ ಪೇಡಾ ಹಂಚಿಸಿದ. ಹಂಚಿದವಳು ರೇಣುಕಾ.

ಅವನು ಹಾಸ್ಟೆಲ್ಲಿಗೆ ಹೊರಟ ದಿನ ಹರಿಹರದ ಸ್ಟೇಷನ್ನಿಗೆ ಹೋಗಿದ್ದೆ. ನಾಟಿಯ ಹೊತ್ತು, ರೇಣುಕಾ ಬಂದಿರಲಿಲ್ಲ. ಅಣ್ಣ ನೀರಿನ ಬಾಟಲಿ ತರಲು ಹೋದಾಗ ಮಂಜುನಾಥ ಮೆಲ್ಲಗೆ, ತನಗೆ ಭಯವಾಗುತ್ತಿದೆ, ಅಲ್ಲಿ ಹೇಗೆ ಓದುವುದೋ ಗೊತ್ತಿಲ್ಲ ಎಂದ. ಅಪ್ಪನಿಗೆ ಹೇಳಬೇಡಿ ಎಂದೂ ಸೇರಿಸಿದ. ಬೇಡದ ಸೀಟು ಹೊತ್ತುಕೊಂಡು ಹುಡುಗ ರೈಲು ಹತ್ತಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಆಗಲಿಲ್ಲ.

ಮೊನ್ನೆ ಸೋಮವಾರ ರೇಣುಕಾಳನ್ನು ಹರಿಹರದಲ್ಲಿ ಬಿ.ಎ.ಗೆ ಸೇರಿಸಲು ಅಣ್ಣ ನನ್ನನ್ನೇ ಕರೆದ. ಆ ಕಾಲೇಜೇ ಯಾಕೆ? ಊರಿನ ಬಸ್ಸು ಅದರ ಹತ್ತಿರವೇ ನಿಲ್ಲುತ್ತದೆ. ಸೈನ್ಸ್ ಓದಿದವಳಿಗೆ ಬಿ.ಎ. ಯಾಕೆ? ಬಿ.ಎಸ್ಸಿ. ಆದರೆ ಪ್ರಾಕ್ಟಿಕಲ್ಸ್ ಇರುತ್ತವೆ, ಮನೆಗೆ ಬರುವುದು ಸಂಜೆಯಾಗುತ್ತದೆ.

ಕೌಂಟರಿನ ಗುಮಾಸ್ತರು ಯಾವ ಸಬ್ಜೆಕ್ಟು ಬೇಕಮ್ಮ ಎಂದು ಕೇಳಿದರು. ಹಿಸ್ಟರಿ, ಎಕನಾಮಿಕ್ಸ್, ಸೋಷಿಯಾಲಜಿ ಎಂದು ಓದಿ ಹೇಳಿದರು. ರೇಣುಕಾ ಒಂದೇ ಪ್ರಶ್ನೆ ಕೇಳಿದಳು.

“ಯಾವ್ದು ತಗೊಂಡ್ರೆ ಕ್ಲಾಸು ಮಧ್ಯಾಹ್ನಕ್ಕೇ ಮುಗೀತಾವ್ರಿ ಸರ್?”

ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಈಗಿನ ಹುಡುಗಿಯರಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ ನೋಡಿ ಮೇಡಂ ಎಂದರು. ರೇಣುಕಾ ಬೇಗ ಮುಗಿಯುವುದನ್ನು ಗುರುತು ಹಾಕಿಸಿಕೊಂಡು, ಬಸ್ಸು ತಪ್ಪೀತೆಂದು ಓಡಿದಳು.

ಇನ್ನು ಮುಂದೆ ಯಾರಾದರೂ ನಮ್ಮ ಮಗಳು ಕೆಲಸದಲ್ಲಿ ಬಹಳ ಚುರುಕು ಎಂದು ಹೊಗಳಿದರೆ ಒಂದೇ ಮಾತು ಕೇಳುತ್ತೇನೆ: ಅವಳನ್ನು ಯಾವ ಕಾಲೇಜಿಗೆ ಕಳಿಸಲಿಲ್ಲ?