ಕಾಲೇಜಿಗೆ ಹೋದ ಗುಲಾಬಿಗಳು

ನಮ್ಮ ಟೈಪಿಂಗ್ ಮೇಷ್ಟ್ರ ಬೆರಳ ತುದಿಯಲ್ಲಿ ಯಾವಾಗಲೂ ಎರಡು ಬಣ್ಣ ಇರುತ್ತಿತ್ತು. ರಿಬ್ಬನ್ನಿನ ಕಪ್ಪು ಮಸಿ ಎಲ್ಲ ಟೈಪಿಸ್ಟರಿಗೂ ಅಂಟುವಂಥದ್ದು, ಅದರಲ್ಲಿ ವಿಶೇಷವಿಲ್ಲ. ಆದರೆ ಇವರ ಉಗುರಿನ ಸಂದಿಯಲ್ಲಿ ಕೆಮ್ಮಣ್ಣೂ ಇರುತ್ತಿತ್ತು. ಹಾಳೆ ಮುಟ್ಟುವ ಮುಂಚೆ ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು ಅವರ ಅಭ್ಯಾಸ. ಹಾಗಾಗಿ ಅವರ ಬಿಳಿ ಪ್ಯಾಂಟು ತೊಡೆಯ ಹತ್ತಿರ ಎಂದೂ ಬಿಳಿಯಾಗಿರಲಿಲ್ಲ. ಒಂದು ಅಲ್ಪವಿರಾಮ ಜಾರಿದರೂ ಹಾಳೆ ಹರಿದುಹಾಕುವ ಈ ಮನುಷ್ಯನಿಗೆ ಮಣ್ಣು ಎಲ್ಲಿಂದ ಮೆತ್ತಿಕೊಳ್ಳುತ್ತದೆ ಎಂದು ನಾನು ಯೋಚಿಸಿದವಳೇ ಅಲ್ಲ.

ಅವರ ಇನ್‌ಸ್ಟಿಟ್ಯೂಟು ರಾಜಾಜಿನಗರದಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಗಿರಣಿಯ ಬೆಲ್ಟು ತಿರುಗಿದರೆ ಮೇಲೆ ನಮ್ಮ ಮೆಷಿನ್ನುಗಳು ತಾವಾಗಿಯೇ ನಡುಗುತ್ತಿದ್ದವು. ಅದೇ ತಾಳಕ್ಕೆ ನಾವು ಬೆರಳು ಹಾಕುತ್ತಿದ್ದೆವು. ಕರೆಂಟು ಹೋಗಿ ಗಿರಣಿ ನಿಂತರೆ ನಮ್ಮ ಸ್ಪೀಡೂ ಬಿದ್ದುಹೋಗುತ್ತಿತ್ತು. ಮನೆಗೆ ಹೋಗುವಾಗ ಎಲ್ಲರ ಹುಬ್ಬಿನ ಮೇಲೂ ರಾಗಿ ಹಿಟ್ಟು.

ಮೇಷ್ಟ್ರಿಗೆ ಇನ್ನೊಂದು ಅಭ್ಯಾಸವಿತ್ತು. ಟೈಪ್‌ರೈಟರಿನಲ್ಲಿ ಸಾಲು ಮುಗಿಯಲು ಬಂದಾಗ ಗಂಟೆ ಹೊಡೆಯುತ್ತದಲ್ಲ, ಹಾಗೆ ಯಾರಾದರೂ ಮಾತು ಎಳೆದರೆ ಇವರು ಬಾಯಲ್ಲೇ "ಟಿಣ್" ಅನ್ನುತ್ತಿದ್ದರು. ಆಮೇಲೆ ಗಂಭೀರವಾಗಿ, "ಮುಂದಿನ ಸಾಲು" ಎನ್ನುತ್ತಿದ್ದರು. ಫೀಸು ಕೊಡಲು ತಡವಾದವರ ನೆಪಕ್ಕೂ ಟಿಣ್, ಗಿರಣಿಯವನ ಸಂಸಾರದ ಗೋಳಿಗೂ ಟಿಣ್. ನನಗಂತೂ ದಿನಕ್ಕೆ ಎಷ್ಟು ಬೀಳುತ್ತಿತ್ತೋ ಲೆಕ್ಕವಿಲ್ಲ. ನಾನು ವಠಾರದಲ್ಲಿ ಹೆಸರುವಾಸಿ ಬಾಯಿಬಡುಕಿ.

ಎಸ್‌ಎಸ್‌ಎಲ್‌ಸಿ ಮುಗಿಸಿದ ಬೇಸಿಗೆಯಲ್ಲಿ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಅರ್ಜಿ ಹಾಕಿದೆ. ನಮ್ಮಪ್ಪ ಬಿನ್ನಿಪೇಟೆಯ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅರ್ಧ ಫೀಸಿಗೆ ಅಲ್ಲಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಟೈಪಿಂಗ್ ಮುಗಿಸಿ ಯಾವುದಾದರೂ ಆಫೀಸಿಗೆ ಸೇರು ಎಂದು ಹೇಳಿಬಿಟ್ಟಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ನನಗೆ ಓದುವ ಆಸೆ ಇತ್ತು ಅಷ್ಟೆ. ಆ ಕಾಲೇಜಿನಲ್ಲಿ ಅಂಕಪಟ್ಟಿ ಸಾಲದು. ನಿಮ್ಮ ಆಸಕ್ತಿಯೇನು ಎಂದು ಇಂಗ್ಲಿಷಿನಲ್ಲಿ ಒಂದು ಪುಟದ ಪ್ರಬಂಧ ಬರೆದು ಲಗತ್ತಿಸಬೇಕು. ಆಸಕ್ತಿ ಅಂತ ಒಂದು ಪದಾರ್ಥ ಮನೆಯಲ್ಲಿರಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಆದರೆ ಮೇಷ್ಟ್ರಿದ್ದರು. ಮಹಾಲಕ್ಷ್ಮಿ ಲೇಔಟಿನಿಂದ ವಿಜಯನಗರದವರೆಗೆ ಯಾವ ಮಗು ಅರ್ಜಿ ಹಿಡಿದುಕೊಂಡು ಬಂದರೂ ಅವರ ಬಳಿ ಒಂದು ಪ್ರಬಂಧ ಸಿದ್ಧವಾಗಿರುತ್ತಿತ್ತು. ವಿಷಯ: ಗುಲಾಬಿ ಬೆಳೆಸುವುದು. ಕಾಗದ ನೋಡದೆ, ಕಣ್ಣು ಅರ್ಧ ಮುಚ್ಚಿ, ಹಿರಿಯರು ಮಂತ್ರ ಹೇಳುವ ಹಾಗೆ ಟೈಪ್ ಮಾಡಿಬಿಡುತ್ತಿದ್ದರು. ಕೊನೆಯಲ್ಲಿ ಹೆಸರು ಮಾತ್ರ ಬೇರೆ. ನನ್ನದನ್ನೂ ಹಾಗೇ ಮಾಡಿಕೊಟ್ಟರು. ಬೆಳಗಿನ ಇಬ್ಬನಿ, ಮೊದಲ ಮೊಗ್ಗು ಬಿರಿದ ದಿನದ ಸಂಭ್ರಮ, ಮುಳ್ಳು ಚುಚ್ಚಿದರೂ ಕೈಬಿಡದ ಪ್ರೀತಿ, ಎಲ್ಲ ಇತ್ತು. ಓದಿ ನನಗೇ ನನ್ನ ಮೇಲೆ ಗೌರವ ಬಂತು.

ಸಂದರ್ಶನದ ದಿನ ಪ್ರಿನ್ಸಿಪಾಲ್ ಮೇಡಂ ಮುಂದೆ ಮೂರು ಹಾಳೆ ಸಾಲಾಗಿದ್ದವು, ನನ್ನದು ಮತ್ತು ಮೇಷ್ಟ್ರ ಹತ್ತಿರವೇ ಬರೆಸಿಕೊಂಡು ಬಂದಿದ್ದ ಇನ್ನಿಬ್ಬರು ಹುಡುಗಿಯರದು. ಮೂರರಲ್ಲೂ ಅದೇ ಗುಲಾಬಿ, ಅದೇ ಇಬ್ಬನಿ. ನಿಮ್ಮ ಕಡೆ ಎಲ್ಲರ ಮನೆಯಲ್ಲೂ ತೋಟ ಇದೆಯೇನಮ್ಮ ಎಂದು ಕೇಳಿದರು. ನಮ್ಮ ವಠಾರದಲ್ಲಿ ಎಂಟು ಮನೆಗೆ ಒಂದು ನಲ್ಲಿ. ತುಳಸಿ ಗಿಡಕ್ಕೂ ಓನರಮ್ಮನ ಅಪ್ಪಣೆ ಬೇಕು. ಆದರೂ ಹೌದೆಂದು ತಲೆಯಾಡಿಸಿದೆ. ಗುಲಾಬಿ ಗಿಡದ ಕೊಂಬೆ ಯಾವಾಗ ಕತ್ತರಿಸುತ್ತೀರಿ ಎಂದು ಕೇಳಿದರು. "ಮನೇಲಿ ಹಬ್ಬ ಇದ್ದಾಗ, ಮೇಡಂ" ಎಂದೆ. ಪಕ್ಕದಲ್ಲಿದ್ದ ಲೆಕ್ಚರರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಮೇಡಂ ಒಳ್ಳೆಯವರು, ಬೈಯಲಿಲ್ಲ. ಸೋಮವಾರ ನಿಮ್ಮದೇ ಅನ್ನುವಂಥದ್ದನ್ನು ಬರೆದು ತನ್ನಿ, ಇಲ್ಲದಿದ್ದರೆ ಸೀಟಿನ ಮಾತು ಬೇಡ ಎಂದು ಮೂವರನ್ನೂ ಕಳಿಸಿದರು.

ನಾನು ಬಸ್ಸಿಳಿದವಳೇ ಗಿರಣಿಯ ಮೆಟ್ಟಿಲು ಹತ್ತಿದೆ. ಮೇಷ್ಟ್ರೆಂಬ ಮುಲಾಜಿಲ್ಲದೆ ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಸುಳ್ಳು ಗುಲಾಬಿಯಿಂದ ನನ್ನ ಓದು ಹೋಯಿತು ಎಂದೆ. ಅವತ್ತು ಅವರು ಟಿಣ್ ಅನ್ನಲಿಲ್ಲ. ಕೈ ಒರೆಸಿಕೊಂಡು, ಬಾ ಎಂದು ತಾರಸಿಗೆ ಕರೆದುಕೊಂಡು ಹೋದರು.

ಅಲ್ಲಿ ಖಾಲಿ ಎಣ್ಣೆ ಟಿನ್ನುಗಳ ತುಂಬ ಗುಲಾಬಿ. ಕೆಂಪು, ಹಳದಿ, ಬಿಳಿ. ಎಲೆಗಳ ಮೇಲೆಲ್ಲ ಗಿರಣಿಯ ಹಿಟ್ಟು.

"ಸುಳ್ಳಲ್ಲ ಕಣಮ್ಮ, ಅದು ನಂದು" ಎಂದರು. ಅವರೂ ಕಾಲೇಜಿಗೆ ಸೇರಬೇಕೆಂದು ಆ ಪ್ರಬಂಧ ಬರೆದಿದ್ದರಂತೆ. ಕೊಡಬೇಕಾದ ವಾರದಲ್ಲೇ ತಂದೆ ತೀರಿಕೊಂಡರು, ಮನೆ ಇವರ ಹೆಗಲಿಗೆ ಬಿತ್ತು. ಹೇಳುವಾಗ ಒಂದು ಒಣಗಿದ ಎಲೆ ಕೀಳುತ್ತಿದ್ದರು. "ನಾನಂತೂ ಹೋಗ್ಲಿಲ್ಲ. ಅದಾದ್ರೂ ಕಾಲೇಜಿಗೆ ಹೋಗ್ಲಿ ಅಂತ ಎಲ್ಲರ ಕೈಲೂ ಕಳಿಸ್ತಿದ್ದೆ. ಬುದ್ಧಿ ಇಲ್ಲ ನೋಡು ನಂಗೆ."

ನನ್ನ ಕೋಪ ಎಲ್ಲಿ ಹೋಯಿತೋ. ಹಾಗೆ ಮಾಡಿದವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ? ಸರಿ, ನಿನಗೇನಿಷ್ಟ ಹೇಳು, ಅದನ್ನೇ ಬರೆಯೋಣ ಎಂದರು. ನನಗೇನೂ ಇಷ್ಟವಿಲ್ಲ ಸಾರ್ ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಇಬ್ಬರೂ ಮೋಟುಗೋಡೆಗೆ ಒರಗಿ ಕೆಳಗೆ ನೋಡುತ್ತ ನಿಂತೆವು. ರಸ್ತೆಯಲ್ಲಿ ಹುಡುಗರ ಕ್ರಿಕೆಟ್ ನಡೆದಿತ್ತು. ಬೌಲರು ಓಡಿ ಬಂದ, ಅಡ್ಡ ಒಂದು ಎಮ್ಮೆ ಬಂತು. ನನ್ನ ಬಾಯಿ ತನ್ನಷ್ಟಕ್ಕೆ ಶುರುವಾಯಿತು. ಪಕ್ಕದ ಮನೆಯ ರೇಡಿಯೋದಲ್ಲಿ ಕಾಮೆಂಟರಿ ಕೇಳಿ ಕೇಳಿ ಹತ್ತಿದ ಚಟ ಅದು. ಎಮ್ಮೆಯನ್ನು ಪೆವಿಲಿಯನ್‌ಗೆ ಕಳಿಸಿ, ರಾಗಿ ಚೀಲ ಹೊತ್ತವರನ್ನು ಸ್ಲಿಪ್ಪಿನಲ್ಲಿ ನಿಲ್ಲಿಸಿ, ಚೆಂಡು ಓನರಮ್ಮನ ಕಾಂಪೌಂಡಿಗೆ ಬಿದ್ದದ್ದನ್ನು ದೇಶದ ದುರಂತವೆಂಬಂತೆ ವರ್ಣಿಸಿದೆ. ತಿರುಗಿ ನೋಡಿದರೆ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ಯಾವಾಗಿಂದ ಹೀಗೆ?"

"ಚಿಕ್ಕೋಳಿದ್ದಾಗಿಂದ ಸಾರ್. ಇದಕ್ಕೇ ದಿನಾ ಅಮ್ಮನ ಹತ್ರ ಬೈಸಿಕೊಳ್ಳೋದು."

"ಬೈಸಿಕೊಂಡ್ರೂ ಬಿಡಕ್ಕಾಗಲ್ಲ ಅಂದ್ರೆ ಅದೇ ಕಣಮ್ಮ ಆಸಕ್ತಿ. ಮಿಕ್ಕಿದ್ದೆಲ್ಲ ಟೈಂಪಾಸು."

ಕೆಳಗಿಳಿದು ಮೆಷಿನ್ನಿಗೆ ಹಾಳೆ ಏರಿಸಿದರು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಅವರು ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತ ಬಡಿದರು. ಆ ಎಮ್ಮೆ ಬಂದಾಗ ನಕ್ಕು ನಕ್ಕು ಮೂರು ಹಾಳೆ ಕೆಡಿಸಿದರು. ಮಾರನೆಯ ದಿನ ಉಳಿದ ಇಬ್ಬರನ್ನೂ ಕರೆಸಿ ಕೂರಿಸಿಕೊಂಡರು. ಅವರಲ್ಲಿ ಬಸವೇಶ್ವರನಗರದವಳಿಗೆ ತನ್ನಜ್ಜಿಯ ಕನ್ನಡಕ ಕದ್ದು ಇರುವೆ ನೋಡುವ ಹುಚ್ಚು ಇರುವುದು ಹೊರಬಿತ್ತು.

ಸೋಮವಾರ ಮೇಡಂ ನನ್ನ ಹಾಳೆಯನ್ನು ಎರಡು ಸಲ ಓದಿದರು. ಅಷ್ಟರಲ್ಲಿ ಅಟೆಂಡರು ಟೀ ಹಿಡಿದು ಬಾಗಿಲಿಗೆ ಬಂದರು. ಎಲ್ಲಿ, ಇದಕ್ಕೆ ಕಾಮೆಂಟರಿ ಹೇಳು ನೋಡೋಣ ಎಂದರು ಮೇಡಂ. ಅಟೆಂಡರು ಬಾಗಿಲಿಂದ ಮೇಜಿನವರೆಗೆ ಟ್ರೇ ಹಿಡಿದು ನಡೆದು ಬಂದ ಆ ಓಟವನ್ನು ನಾನು ಹೇಗೆ ಹೇಳಿದೆನೋ, ಲೆಕ್ಚರರ ಕರ್ಚೀಫು ಈ ಸಲ ನಗು ಮುಚ್ಚಲು ಸಾಲಲಿಲ್ಲ. ನಮ್ಮ ಮೂವರಿಗೂ ಸೀಟು ಸಿಕ್ಕಿತು, ನನಗೆ ಅರ್ಧ ಫೀಸಿನಲ್ಲಿ. ಅಪ್ಪ ಮಿಲ್ಲಿನಿಂದ ಬರುತ್ತ ಮೇಷ್ಟ್ರಿಗೆ ಒಂದು ಪ್ಯಾಂಟಿನ ಬಟ್ಟೆ ತಂದುಕೊಟ್ಟರು. ಬಿಳಿಯದಲ್ಲ, ಕಂದು ಬಣ್ಣದ್ದು.

ಆಮೇಲೆ ಮೇಷ್ಟ್ರು ಗುಲಾಬಿಯನ್ನು ಯಾರಿಗೂ ಕೊಡಲಿಲ್ಲ. ಪ್ರಬಂಧ ಬೇಕೆಂದು ಬಂದವರನ್ನು ಎದುರಿಗೆ ಕೂರಿಸಿ, ಮನೆಯಲ್ಲಿ ಯಾವುದಕ್ಕೆ ಬೈಸಿಕೊಳ್ಳುತ್ತೀ ಹೇಳು ಎಂದು ಕೇಳುತ್ತಿದ್ದರು. ಒಂದೇ ಏಟಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಅರ್ಧ ದಿನ ಹಿಡಿಯುತ್ತಿತ್ತು. ಕೆಲವರು ಬೇಸತ್ತು ಬೇರೆ ಇನ್‌ಸ್ಟಿಟ್ಯೂಟಿಗೆ ಹೋದರು. ಇವರಿಗೆ ಮಾತ್ರ ಅದೇ ಖುಷಿ.

ನಾನು ಎಂ.ಎ. ಮುಗಿಸುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ತಾರಸಿಯ ಟಿನ್ನುಗಳನ್ನು ಅವರ ಹೆಂಡತಿ ಮನೆಯ ಕಿಟಕಿಯ ಹೊರಗೆ ಸಾಲಾಗಿ ಇಡಿಸಿದ್ದರು. ನಾನು ನೋಡಲು ಹೋದಾಗ ಅವರ ಔಷಧಿ ಶೀಷೆಗಳನ್ನು ಜೋಡಿಸುತ್ತ ಕೂತೆ. ನನ್ನಂಥವಳು ಸುಮ್ಮನಿದ್ದದ್ದು ಅವರಿಗೆ ಸರಿಬರಲಿಲ್ಲ. ಮಲಗಿದಲ್ಲಿಂದ ರಸ್ತೆ ಕಾಣುತ್ತಿಲ್ಲ, ಹೊರಗೆ ಏನು ನಡೀತಿದೆ ಹೇಳು ಎಂದರು.

ನಾನು ಕಿಟಕಿಯ ಬಳಿ ನಿಂತು ಶುರುಮಾಡಿದೆ. ಸೊಪ್ಪಿನವಳು ಎಡಗಡೆಯಿಂದ ಬಂದಳು, ಒಬ್ಬ ಹುಡುಗ ಸೈಕಲ್ಲಿನಿಂದ ಬೀಳಬೇಕಾದವನು ಬೀಳಲಿಲ್ಲ, ಹಳದಿ ಗುಲಾಬಿಯ ಒಂದು ಮೊಗ್ಗು ನಾಳೆ ಬ್ಯಾಟಿಂಗಿಗೆ ಇಳಿಯುವ ಸೂಚನೆಯಿದೆ. ಹೊದಿಕೆಯ ಮೇಲೆ ಅವರ ಬೆರಳುಗಳು ಅಲ್ಲಾಡುತ್ತಿದ್ದವು. ನನ್ನ ಮಾತನ್ನು ಟೈಪ್ ಮಾಡಿಕೊಳ್ಳುತ್ತಿದ್ದರು. ಆ ಬೆರಳುಗಳನ್ನು ನೋಡುತ್ತ ಮಾತು ಮರೆತೆ.

"ಟಿಣ್" ಎಂದರು ಮೇಷ್ಟ್ರು. ಬೆರಳುಗಳು ಕಾಯುತ್ತಿದ್ದವು. "ಮುಂದಿನ ಸಾಲು."

ನಾನು ಮುಂದುವರಿಸಿದೆ. ಅವರು ಹೋಗಿ ವರ್ಷಗಳಾದವು, ನಾನು ಇನ್ನೂ ನಿಲ್ಲಿಸಿಲ್ಲ.