ಮಣ್ಣು ಮೂಸುವವನ ಮಾರ್ಕರ್ ಪೆನ್ನು

ಮೂಸಣ್ಣ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಯಾರಾದರೂ ಜಾಗ ಕೊಳ್ಳುವ ಮುಂಚೆ ಅದರ ಮಣ್ಣಿಗೆ ಎಣ್ಣೆ, ಬಣ್ಣ, ಆಸಿಡ್ ಏನಾದರೂ ಇಳಿದಿದೆಯೇ ಎಂದು ನೋಡಿ ವರದಿ ಕೊಡುವುದು ಅವನ ಕೆಲಸ. ನೆಲ ಕೊರೆಯುವ ಬೈರಿಗೆ ತಿರುವಿ ಮೇಲೆತ್ತಿದ ಮಣ್ಣನ್ನು ಮೂಗಿಗೆ ಹಿಡಿಯಬಾರದು ಎಂದು ಕಲಿಸಿದವರು ಹೇಳಿದ್ದರು. ಮಜ್ಜಿಗೆಯನ್ನೂ ಊದಿ ಕುಡಿಯುವ ಈ ಮನುಷ್ಯ ಅದೊಂದು ಮಾತನ್ನು ಮಾತ್ರ ಕೇಳಲಿಲ್ಲ. ಹೆಸರು ಅಂಟಿಕೊಂಡಿತು. ಪರಿಚಯ ಹೇಳುವಾಗ ಅವನೇ ಮೊದಲು ಆ ಹೆಸರು ಹೇಳಿ ನಗುತ್ತಿದ್ದ. ಬೇರೆಯವರು ನಗುವ ಮುಂಚೆ ತಾನೇ ನಕ್ಕುಬಿಟ್ಟರೆ ನೋವು ಕಡಿಮೆ ಎಂದು ಅನುಭವದಿಂದ ಕಲಿತಿದ್ದ.

ಅವನ ಅಕ್ಕ ಬಾಡಿಗೆಯ ಮಹಡಿಯಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಮನೆಯವರು ಹೇಳಿಬಿಟ್ಟರು. ಎರಡು ಬೀದಿ ಆಚೆ ಒಬ್ಬ ಮುದುಕ ಮೆಕ್ಯಾನಿಕ್ ತನ್ನ ಗ್ಯಾರೇಜನ್ನು ಮಾರುವವನಿದ್ದ. ಎತ್ತರದ ಮಾಡು, ಒಳ್ಳೆಯ ಬೆಳಕು, ಹಿಂದೆ ಆಡಲು ಅಂಗಳ. ಅಕ್ಕನ ಮನಸ್ಸು ಅಲ್ಲೇ ನೆಟ್ಟಿತು. ಆದರೆ ಗೋದಾಮು ಮಾಡುವವನೊಬ್ಬ ಆ ಜಾಗದ ಮೇಲೆ ಆಗಲೇ ಕಣ್ಣು ಹಾಕಿದ್ದ.

"ಮಕ್ಕಳು ಮಣ್ಣಲ್ಲಿ ಕೂತು ಆಡೋ ಜಾಗ ಕಣೋ. ನೀನು ಸರಿ ಅಂದ್ರೆ ಸೋಮವಾರ ಸಹಿ ಹಾಕ್ತೀನಿ," ಎಂದಳು ಅಕ್ಕ.

ಮೂಸಣ್ಣ ಮೈಯೆಲ್ಲ ಕಣ್ಣಾಗಿ ಗ್ಯಾರೇಜಿಗೆ ಹೋದ. ಎಣ್ಣೆ ಎಲ್ಲಿ ಸುರಿಯುತ್ತಿದ್ದಿರಿ ಎಂದು ಮೆಕ್ಯಾನಿಕ್‌ನನ್ನು ಕೇಳಿದ.

"ಸುರಿಯೋಕೆ ನಂಗೇನು ಹುಚ್ಚಾ ಸಾರ್? ನಲವತ್ತು ವರ್ಷ ಡಬ್ಬಕ್ಕೆ ಹಿಡಿದಿದೀನಿ. ಈ ನೆಲದ ಮೇಲೆ ಎಲೆ ಹಾಕ್ಕೊಂಡು ಊಟ ಮಾಡಬಹುದು," ಎಂದ ಮುದುಕ.

ಮೂಸಣ್ಣ ಅದನ್ನು ಹಾಗೇ ಬರೆದುಕೊಂಡು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಐದು ಕಡೆ ಆಳುದ್ದ ಕೊರೆದು ಐದು ಬಾಟಲಿ ಮಣ್ಣು ತೆಗೆದ. ಆರನೆಯ ಬಾಟಲಿಗೆ ಲ್ಯಾಬಿನವರೇ ಕೊಟ್ಟ ಶುದ್ಧ ನೀರು ತುಂಬಿಸಿದ. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ತಪ್ಪು ಜಾಗದ್ದಲ್ಲ, ಜಾಗ ನೋಡಿದವನದ್ದು.

ಆಮೇಲೆ ಬರೆದರೆ ಒದ್ದೆ ಕೈ ತಗಲಿ ಅಕ್ಷರ ಕೆಡಬಹುದು ಎಂದು, ಮಣ್ಣು ತುಂಬುವ ಮುಂಚೆಯೇ ತೆರೆದ ಬಾಟಲಿಗಳನ್ನು ಒಂದೊಂದಾಗಿ ಮಡಿಲಲ್ಲಿಟ್ಟುಕೊಂಡು ಚೀಟಿ ಬರೆದಿದ್ದ. ಹೊಸ ದಪ್ಪ ಮಾರ್ಕರ್ ಪೆನ್ನು. ಒಂದು ಸಲ ಬರೆದು, ಅದರ ಮೇಲೆ ತಿದ್ದಿ, ಕಾಣದಿದ್ದರೆ ಎಂದು ಇನ್ನೊಂದು ಸಲ ತಿದ್ದಿದ. ಅಕ್ಷರಗಳು ಅಂಗಡಿ ಬೋರ್ಡಿನ ಹಾಗೆ ಮಿನುಗಿದವು. ಮೂಸಣ್ಣನಿಗೆ ಒಳಗೊಳಗೇ ಹೆಮ್ಮೆ.

ಶನಿವಾರ ಲ್ಯಾಬಿನ ಮೇಡಂ ಫೋನ್ ಮಾಡಿದರು. ಐದರಲ್ಲೂ ಬಣ್ಣ ತೆಳು ಮಾಡುವ ಥಿನ್ನರ್ ಇತ್ತು. ನೀರಿನ ಬಾಟಲಿ ಇನ್ನೂ ಯಂತ್ರಕ್ಕೆ ಹೋಗಿರಲಿಲ್ಲ. ನೀರಿನದ್ದೇನು ಮಹಾ ಎಂದುಕೊಂಡ ಮೂಸಣ್ಣ ನೇರವಾಗಿ ಅಕ್ಕನ ಮನೆಗೆ ಹೋಗಿ, "ಬೇಡ ಅಕ್ಕ. ನೆಲವೆಲ್ಲ ಥಿನ್ನರ್," ಎಂದುಬಿಟ್ಟ. ಅಕ್ಕ ಸುಮ್ಮನೆ ಕೂರುವವಳಲ್ಲ. ಗ್ಯಾರೇಜಿಗೆ ಹೋಗಿ ಮುದುಕನ ಮುಖಕ್ಕೇ, "ಸುಳ್ಳು ಹೇಳಿ ಮಕ್ಕಳ ಪ್ರಾಣದ ಜೊತೆ ಆಡ್ತೀರಾ?" ಎಂದು ಬೈದು ಬಂದಳು. ಮುದುಕ ಬಾಗಿಲು ಎಳೆದುಕೊಂಡನಂತೆ.

ಭಾನುವಾರ ಬೆಳಿಗ್ಗೆ ಮೇಡಂ ಮತ್ತೆ ಫೋನ್ ಮಾಡಿದರು.

"ಏನ್ರೀ, ಆ ಶುದ್ಧ ನೀರು ಎಲ್ಲಿಂದ ತಂದ್ರಿ?"

"ನಿಮ್ಮ ಹತ್ರಾನೇ, ಮೇಡಂ."

"ಅದರಲ್ಲೇ ಎಲ್ಲಕ್ಕಿಂತ ಜಾಸ್ತಿ ಥಿನ್ನರ್ ಇದೆ. ಚೀಟಿ ಮೇಲೆ ಏನ್ರೀ ಅದು, ಮಹಾಕಾವ್ಯ?"

ಮೂಸಣ್ಣ ಚೀಲದಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಮೂಸಿದ. ಮೂಗಿಗೆ ಹೊಡೆದದ್ದು ಅದೇ ಥಿನ್ನರ್; ಚೀಟಿ ಬರೆಯುವಾಗ ತೆರೆದ ಬಾಟಲಿಗಳೊಳಗೆ ಇಳಿದಿತ್ತು. ಉಳಿದ ಬಾಟಲಿಗಳ ಮೇಲೆ ಬರೀ ಸಂಖ್ಯೆ ಮತ್ತು ದಿನಾಂಕ. ನೀರಿನ ಬಾಟಲಿಯ ಮೇಲೆ ಮಾತ್ರ, 'ಇದು ಶುದ್ಧ ನೀರು, ಕುಡಿಯಬಾರದು, ಚೆಲ್ಲಬಾರದು, ಮಣ್ಣಿನೊಂದಿಗೆ ಬೆರೆಸಬಾರದು' ಎಂದು ಮೂರು ಮೂರು ಸಲ ತಿದ್ದಿ ಬರೆದಿದ್ದ. ಊರಿನ ಮಣ್ಣೆಲ್ಲ ಮೂಸಿದ ಮೂಗಿಗೆ ತನ್ನ ಮಡಿಲಲ್ಲಿದ್ದ ಪೆನ್ನಿನ ವಾಸನೆ ಹತ್ತಿರಲಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎನ್ನುತ್ತಾರೆ. ಅವನು ಐದು ತೋಡಿಟ್ಟಿದ್ದ, ಆಯ್ಕೆಗೆ ಅವಕಾಶವಿತ್ತು.

ಗ್ಯಾರೇಜಿನ ಬಾಗಿಲು ತಟ್ಟಲು ಕಾಲು ಗಂಟೆ ಬೇಕಾಯಿತು. ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದುಕೊಂಡಿದ್ದ. ಬಾಗಿಲು ತೆರೆದಾಗ ಅದು ಕೈಯಲ್ಲಿ ಮುದ್ದೆಯಾಗಿತ್ತು.

"ತಪ್ಪು ನಂದು, ಯಜಮಾನ್ರೇ. ಥಿನ್ನರ್ ಇದ್ದದ್ದು ನನ್ನ ಪೆನ್ನಲ್ಲಿ."

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಾನು ನಲವತ್ತು ವರ್ಷ ಡಬ್ಬಕ್ಕೆ ಹಿಡಿದಿದ್ದನ್ನ ನೀವು ಒಂದೇ ಬೆಳಿಗ್ಗೆ ಬಾಟಲಿಗೆ ತುಂಬಿಸಿಬಿಟ್ರಲ್ಲ ಸಾರ್!" ಎಂದ. ಬಾಗಿಲನ್ನು ಪೂರ್ತಿ ತೆರೆದು, "ಬನ್ನಿ, ಇನ್ನೊಂದ್ಸಲ ಕೊರೀರಿ. ಗೋದಾಮಿನವನಿಗೆ ಗುರುವಾರ ಬಾ ಅಂತೀನಿ," ಎಂದ.

ಅಕ್ಕನಿಗೂ ಪೆನ್ನಿನ ಕಥೆ ಹೇಳಿ, ಈ ಸಲ ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಬರೆದ. ಬುಧವಾರ ನೀರಿನ ಫಲಿತಾಂಶವನ್ನೇ ಮೊದಲು ಕೇಳಿದ. ಶುದ್ಧ. ನಾಲ್ಕು ಗುಂಡಿಯೂ ಶುದ್ಧ. ಐದನೆಯದು, ಬಂಡಿ ನಿಲ್ಲಿಸಿ ಕೆಳಗಿಳಿದು ರಿಪೇರಿ ಮಾಡುವ ಹಳ್ಳದ ಪಕ್ಕದ್ದು, ಅದರಲ್ಲಿ ಹಳೆಯ ಇಂಜಿನ್ ಎಣ್ಣೆ ಇತ್ತು.

ಮೂಸಣ್ಣ ಫೋನ್ ಹಿಡಿದುಕೊಂಡೇ ಕೂತ. ಮತ್ತೆ 'ಕೆಟ್ಟಿದೆ' ಎಂದರೆ ಯಾರು ನಂಬುತ್ತಾರೆ? ಐದೂ ಸರಿಯಿದೆ ಎಂದುಬಿಟ್ಟರೆ ಅಕ್ಕನಿಗೆ ಖುಷಿ, ಮುದುಕನಿಗೆ ಖುಷಿ, ತನಗೂ ಮಾನ. ಮಕ್ಕಳು ಆ ಮಣ್ಣಲ್ಲಿ ಕೂರುತ್ತಾರೆ. ಕೆಲವು ತಿನ್ನುತ್ತವೆ ಕೂಡ.

ಎದ್ದು ಹೋಗಿ ಇಬ್ಬರ ಎದುರೂ ಹೇಳಿದ. ಹಳ್ಳದ ಸುತ್ತ ಒಂದಾಳು ಆಳದವರೆಗಿನ ಮಣ್ಣು ಹೊರಗೆ ಹೋಗಬೇಕು, ಹೊಸ ಮಣ್ಣು ಬರಬೇಕು, ಮತ್ತೊಮ್ಮೆ ಪರೀಕ್ಷೆ ಆಗಬೇಕು. ಆಮೇಲೆ ಸಹಿ.

ಮುದುಕ ಹಳ್ಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ಕೆದಕಿದ. "ಡಬ್ಬ ತೂತಾಗಿತ್ತು ಒಂದ್ಸಲ," ಎಂದ, ಯಾರ ಮುಖವನ್ನೂ ನೋಡದೆ. "ನಾನೇ ತೆಗೆಸ್ತೀನಿ. ಗೋದಾಮಿನವನು ಇನ್ನೂ ಕಾಯ್ಲಿ."

ಅಕ್ಕ ತಮ್ಮನ ಕಡೆ ತಿರುಗಿದಳು. "ಈ ಸಲ ಚೀಟಿ ಯಾವುದರಲ್ಲಿ ಬರೆದೆ?"

"ಪೆನ್ಸಿಲ್‌ನಲ್ಲಿ."

"ಎಷ್ಟು ಸಲ ತಿದ್ದಿದೆ?"

ಮೂಸಣ್ಣ ನೆಲ ನೋಡಿದ. "ಮೂರು."

"ಹಾಗಾದ್ರೆ ನೀನೇ ಬರೆದಿದ್ದು, ನಂಬ್ತೀನಿ," ಎಂದು ಅಕ್ಕ ಅಂಗಳ ಅಳೆಯಲು ಹೊರಟಳು.