ಗುಡ್ಡಪ್ಪ ಕಾಯುತ್ತಿದ್ದ ಎರಡನೇ ಸದ್ದು

ನನ್ನಪ್ಪನನ್ನು ಕೊಂದವನು ಗುಡ್ಡಪ್ಪ ಕಾಕಾ. ಬೇಕೆಂದು ಕೊಂದದ್ದಲ್ಲ, ಅದು ನನಗೂ ಗೊತ್ತು. ಆದರೆ ಎಮ್ಮಿಗನೂರಿನ ಜನ ಇವತ್ತಿಗೂ "ಹಣೆಬರಹ ಬಿಡವ್ವ" ಎಂದು ಲೊಚಗುಟ್ಟಿದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಹಣೆಬರಹವಂತೆ! ಹಣೆಬರಹ ಬಂದು ಸೀಸ ಕರಗಿಸಿತೇ? ಮದ್ದು ಅಳೆದು ಹಾಕಿತೇ? ಅದನ್ನೆಲ್ಲ ಮಾಡಿದವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಇಬ್ಬರು ಗಂಡಸರು. ಒಬ್ಬ ನನ್ನಪ್ಪ ಹುಲುಗಪ್ಪ, ಕಾಲುವೆಯ ನೀರುಗಂಟಿ. ಯಾರ ಹೊಲಕ್ಕೆ ಯಾವಾಗ ತೂಬು ಎತ್ತಬೇಕು ಎಂಬುದು ಅವನ ಕೆಲಸ. ಇನ್ನೊಬ್ಬ ಗುಡ್ಡಪ್ಪ, ಊರಿನ ಹಂದಿ ಹೊಡೆಯುವವನು.

ಗುಡ್ಡಪ್ಪನದು ಹಿಂದಿನಿಂದ ಬೇಟೆಯ ಮನೆತನ. ಬೆಳೆ ಕಾಯಲೆಂದು ಸರ್ಕಾರ ಲೈಸೆನ್ಸ್ ಕೊಟ್ಟ ಕೇಪಿನ ಬಂದೂಕು ಅವರಪ್ಪನಿಂದ ಅವನಿಗೆ ಬಂದಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದ ಸರಳಿನಿಂದ ಜಡಿದು, ಆಮೇಲೆ ಚರೆಯನ್ನೋ ಗುಂಡನ್ನೋ ಇಳಿಸುವ ಹಳೇ ಮಾಲು. ಬಂದೂಕಿನ ಜೊತೆಗೆ ಅವರಪ್ಪ ಒಂದು ಮಾತನ್ನೂ ಬಿಟ್ಟು ಹೋಗಿದ್ದ. "ಯಾವಾಗ್ಲೂ ಮ್ಯಾಲ ಕುಂತು ಕೆಳಗ ಹೊಡಿ. ತಪ್ಪಿದ್ರ ನೆಲ ನುಂಗತೈತಿ." ಜೋಳ, ಹತ್ತಿ ಬೆಳೆಯುತ್ತಿದ್ದ ಕಾಲದ ಮಾತು ಅದು. ಎರೆಹೊಲದ ಪುಡಿಮಣ್ಣು ಎಂಥ ಗುಂಡನ್ನಾದರೂ ನುಂಗುತ್ತಿತ್ತು. ಆ ಬಂದೂಕಿನಿಂದ ಮನುಷ್ಯರಿಗೆ ಒಂದು ಗೀರೂ ಆಗಿರಲಿಲ್ಲ ಎಂದು ಗುಡ್ಡಪ್ಪ ಎದೆ ತಟ್ಟಿಕೊಂಡು ಹೇಳುತ್ತಿದ್ದ.

ಆಮೇಲೆ ಕಾಲುವೆ ಬಂತು, ಕಾಲುವೆಯ ಹಿಂದೆ ಭತ್ತ ಮತ್ತು ಕಬ್ಬು ಬಂದವು. ನಮ್ಮೂರಲ್ಲಿ ಕೈಗಡಿಯಾರ, ರೇಡಿಯೋ, ಟ್ರ್ಯಾಕ್ಟರ್ ಎಲ್ಲ ಬಂದವು. ಹಂದಿಗಳೂ ಬಂದವು. ಮೊದಲು ಗುಡ್ಡದ ಬಂಡೆಗಳ ಸಂದಿಯಲ್ಲಿ ಗೆಡ್ಡೆ ಕೆದರಿಕೊಂಡಿದ್ದ ಹಂದಿಗಳಿಗೆ ನಮ್ಮ ಕಬ್ಬು ಮಾವನ ಮನೆಯಾಯಿತು. ಒಂದು ಹಿಂಡು ನುಗ್ಗಿದರೆ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಊರಿನ ಹಿರಿಯರು ಗುಡ್ಡಪ್ಪನ ಮನೆಗೆ ಬಂದು, "ಗುಡ್ಡಪ್ಪ, ಇನ್ನ ನೀನs ದಿಕ್ಕು" ಎಂದರು. ಅವನಿಗೂ ಖುಷಿ. ಊರೆಲ್ಲ ಹಾಡಿ ಹೊಗಳಿದರೆ ಯಾರಿಗೆ ಬೇಡ?

ಕಬ್ಬಿನ ಬದಿಗೆ ಕಂಬ ನೆಟ್ಟು ಕಟ್ಟಿದ ಅಟ್ಟದ ಮೇಲೆ ಕೂತು ಅವನು ಮೊದಮೊದಲು ಹೊಡೆಯುತ್ತಿದ್ದದ್ದು ಚರೆಯಿಂದ. ಚರೆ ಎಂದರೆ ಜೋಳದ ಕಾಳಿನಷ್ಟು ಸಣ್ಣ ಸೀಸದ ಕಾಳುಗಳು. ಹತ್ತಿರದಿಂದ ಹೊಡೆದರೆ ಹಂದಿ ಅಲ್ಲೇ ಕೂರುತ್ತದೆ. ದೂರವಾದರೆ ಕಾಳುಗಳು ಚೆದುರಿ, ಕಸುವು ಕಳೆದುಕೊಂಡು, ಚರ್ಮದಲ್ಲಿ ಸಿಕ್ಕಿಕೊಳ್ಳುತ್ತವೆ. ಹಂದಿ ಸಾಯುವುದಿಲ್ಲ, ಉರಿ ಹತ್ತಿ ಹುಚ್ಚಾಗುತ್ತದೆ. ಹಾಗೆ ಚರೆ ತಿಂದ ಒಂದು ಗಂಡುಹಂದಿ ಕಾಲುವೆಯ ಜೊಂಡಿನಲ್ಲಿ ಅಡಗಿತ್ತು. ನಸುಕಿನಲ್ಲಿ ತೂಬು ನೋಡಲು ಹೋದ ನನ್ನಪ್ಪನ ತೊಡೆ ಸೀಳಿತು. ಮೂಳೆ ಕಾಣುವ ಗಾಯ. ಅಪ್ಪ ಮಳೆಗಾಲವೆಲ್ಲ ಹಾಸಿಗೆ ಹಿಡಿದ. ಎದ್ದ ಮೇಲೂ ಕುಂಟುತ್ತಲೇ ನಡೆದ.

ಗುಡ್ಡಪ್ಪ ದಿನಾ ಬಂದು ಹಾಸಿಗೆಯ ಬದಿಗೆ ಕೂರುತ್ತಿದ್ದ. ಕತ್ತಲಾಗುವವರೆಗೂ ಕೂತೇ ಇರುತ್ತಿದ್ದ. ನಮ್ಮವ್ವ ವಿರುಪಮ್ಮ ಒಂದು ದಿನ ರೇಗಿದಳು. "ಏನ್ ಗುಡ್ಡಪ್ಪ, ಹೆಣದ ಮುಂದ ಕುಂತಂಗ ಕುಂದರ್ತಿ? ಇವ ಇನ್ನಾ ಬದುಕ್ಯಾನ!"

"ನಂದs ಚರಿ ಅಕ್ಕಾ ಅದು," ಎಂದ ಗುಡ್ಡಪ್ಪ. "ನಾ ಗಾಯ ಮಾಡಿ ಬಿಟ್ಟ ಹಂದಿ ಇವನ್ನ ಹರೀತು."

ಅಪ್ಪ ಮಲಗಿದ್ದಲ್ಲಿಂದಲೇ ನಕ್ಕ. "ಹಂಗಾರ ಗಾಯ ಮಾಡಬ್ಯಾಡಲೇ, ಕೊಂದs ಬಿಡು. ಚರಿ ಬಿಟ್ಟು ದಪ್ಪ ಗುಂಡು ಹಾಕು. ನಸಕಿನ್ಯಾಗ ಬದುವಿನ ಮ್ಯಾಲ ಅಡ್ಡಾಡೋನು ನಾನು. ನನ್ನ ಜೀವ ನಿನ್ನ ಕೈಯಾಗ ಐತಿ, ನೋಡು."

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಗುತ್ತಲೇ ಆಡಿದ ಮಾತು. ಆದರೆ ಗುಡ್ಡಪ್ಪ ನಗಲಿಲ್ಲ. ಇನ್ನು ಮೇಲೆ ತನ್ನ ಬಂದೂಕಿನಿಂದ ಒಂದು ಹಂದಿಯೂ ಗಾಯಗೊಂಡು ಓಡಬಾರದು, ಹುಲುಗಪ್ಪ ಬದುವಿನ ಮೇಲೆ ಹೆದರದೆ ನಡೆಯಬೇಕು ಎಂದು ಅವನು ಅಂದೇ ಮನಸ್ಸು ಮಾಡಿದ.

ಅಲ್ಲಿಂದ ಶುರುವಾಯಿತು ನೋಡಿ ಅವನ ಹುಚ್ಚು. ಕಂಪ್ಲಿ ಕೋಟೆಯ ಹತ್ತಿರ ಮೀನು ಹಿಡಿಯುವವರು ಬಲೆಗೆ ಕಟ್ಟುವ ಸೀಸ ತಂದ. ನಮ್ಮ ಅಂಗಳದಲ್ಲೇ ಒಲೆ ಹೂಡಿ ಕರಗಿಸಿ ಅಚ್ಚಿಗೆ ಹೊಯ್ದ. ಒಂದು ಬಟಾಣಿಯಷ್ಟು, ಒಂದು ಗೋಲಿಯಷ್ಟು, ಒಂದು ಅಡಿಕೆಗಿಂತ ತುಸು ಸಣ್ಣದು. ಸಣ್ಣ ಗುಂಡುಗಳಿಗೆ ಹಸಿ ತೊಗಲು ಸುತ್ತಿ ನಳಿಗೆಗೆ ಕೂಡಿಸುತ್ತಿದ್ದ. ಅಕ್ಕಸಾಲಿಗರ ಪಕೀರಪ್ಪನ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ತೂಗಿಸಿಕೊಂಡು ಬಂದ. ಪಕೀರಪ್ಪ, "ಏನಪ್ಪ, ಹಂದಿಗೆ ಮೂಗುತಿ ಮಾಡಸ್ತೀಯೇನು?" ಎಂದು ಅಣಕಿಸಿದನಂತೆ.

ಕಟಾವಾದ ತೋಟದ ಬಾಳೆ ಬೊಡ್ಡೆಗಳನ್ನು ಹೊಲದ ಆ ತುದಿಯಲ್ಲಿ ನೆಟ್ಟು ಹೊಡೆದು ನೋಡುತ್ತಿದ್ದ. ಹಗುರ ಗುಂಡಿಗೆ ಮದ್ದು ಜಾಸ್ತಿ ಹಾಕಿದರೆ ಬಾಣದಂತೆ ಹೋಗುತ್ತದೆ, ಆದರೆ ಒಂದು ಕಬ್ಬಿನ ಗರಿ ಅಡ್ಡ ಬಂದರೂ ದಾರಿ ತಪ್ಪುತ್ತದೆ. ದೂರ ಹೋದಷ್ಟೂ ಸೊರಗುತ್ತದೆ. ಭಾರದ ಗುಂಡು ಗರಿಗೆಲ್ಲ ಜಗ್ಗುವುದಿಲ್ಲ, ಆದರೆ ಮದ್ದು ಕಮ್ಮಿಯಾದರೆ ನಡುದಾರಿಯಲ್ಲೇ ಬಾಗಿ ನೆಲ ಕಚ್ಚುತ್ತದೆ. ಹಾಗಂತ ಮದ್ದು ಸುರಿದರೆ ನಳಿಗೆ ಸೀಳಿ ಮುಖಕ್ಕೇ ಬರಬಹುದು. ಬಿದಿರಿನ ಕೊಳವೆಯಲ್ಲಿ ಮದ್ದನ್ನು ಅಳೆದು, ದಿನಕ್ಕಿಷ್ಟು ಎಂದು ಏರಿಸುತ್ತ ಹೋದ. ಬಲಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ವೇಗ ಅಳೆಯಲು ಅವನ ಹತ್ತಿರ ಏನಿತ್ತು? ಕಿವಿ ಇತ್ತು. ಬಂದೂಕಿನ ಕುದುರೆ ಎಳೆದರೆ ಢಂ ಎನ್ನುತ್ತದೆ. ಆಮೇಲೆ ಒಂದು ಬಿಡುವು. ಆಮೇಲೆ ಬೊಡ್ಡೆಗೆ ಬಡಿದ ಧಪ್ ಎಂಬ ಎರಡನೇ ಸದ್ದು. ಬಿಡುವು ಉದ್ದವಾದರೆ ಗುಂಡು ನಿಧಾನ, ಗಿಡ್ಡವಾದರೆ ಚುರುಕು. ಕಣ್ಣು ಮುಚ್ಚಿ ಆ ಎರಡನೇ ಸದ್ದಿಗಾಗಿ ಕಾಯುತ್ತ ಕೂರುತ್ತಿದ್ದ. "ಎರಡನೇದ್ದು ಕೇಳಿಸ್ತಂದ್ರ ಬಿತ್ತು ಅಂತ. ಕೇಳಲಿಲ್ಲಂದ್ರ ತಪ್ತು, ನೆಲ ನುಂಗ್ತು. ಅಟ್ಟದಿಂದ ಇಳಿಬಾರ್ದು, ಮತ್ತ ತುಂಬಬೇಕು," ಎಂದು ಅಪ್ಪನಿಗೆ ಪಾಠ ಹೇಳುತ್ತಿದ್ದ. ಕೊನೆಗೆ ಅಡಿಕೆಯಂಥ ಆ ದಪ್ಪ ಗುಂಡಿಗೇ ನಿಂತ, ಒಂದೂವರೆ ಕೊಳವೆ ಮದ್ದಿನ ಜೊತೆ.

ಆ ಸುಗ್ಗಿಯಲ್ಲಿ ಅವನು ಹೊಡೆದ ಯಾವ ಹಂದಿಯೂ ಎದ್ದು ಓಡಲಿಲ್ಲ. ಅಪ್ಪ ನಸುಕಿನಲ್ಲಿ ಹಾಡು ಹೇಳಿಕೊಂಡು ಬದುವಿನ ಮೇಲೆ ಹೋಗುತ್ತಿದ್ದ. ಅವ್ವನ ಎದೆಯೂ ಹಗುರವಾಗಿತ್ತು.

ಸಂಕ್ರಾಂತಿ ಕಳೆದಿತ್ತು. ಬೇಸಿಗೆ ಭತ್ತದ ನಾಟಿಯ ಹೊತ್ತು. ಗುಡ್ಡಪ್ಪನ ಕಬ್ಬಿಗೂ ಹಳ್ಳದ ಜಾಲಿ ಪೊದೆಗಳಿಗೂ ನಡುವೆ ಅವನದೇ ಒಂದು ಖಾಲಿ ಭತ್ತದ ಮಡಿ ಇತ್ತು. ಉತ್ತು, ಹೆಂಟೆ ಒಡೆದು, ನೀರಿಗಾಗಿ ಬಿಟ್ಟಿದ್ದ. ಕಬ್ಬು ಮೇಯ್ದ ಹಂದಿಗಳು ನಸುಕಿನಲ್ಲಿ ಆ ಮಡಿ ದಾಟಿಯೇ ಪೊದೆಗೆ ಹೋಗಬೇಕು. ಅವನ ಅಟ್ಟ ಈ ಕಡೆ, ಹಂದಿಗಳ ದಾರಿ ಆ ಕೊನೆಗೆ. ಅಷ್ಟು ದೂರ ಮುಟ್ಟುವುದಕ್ಕೆಂದೇ ಅಲ್ಲವೇ ಆ ಗುಂಡು!

ಸಂಜೆ ಕಟ್ಟೆಯ ಮೇಲೆ ಅಪ್ಪನನ್ನು ಕೇಳಿದ. "ಹುಲುಗಣ್ಣ, ಸಸಿ ಬಲಿತು ಮುದುಕಾಗಾಕತ್ತಾವ. ಒಂದೀಟು ನೀರು ಬಿಡೋ ಮಾರಾಯ."

"ನಿನ್ನ ಪಾಳಿ ಇನ್ನಾ ಐದು ದಿನ ಐತೆಲ್ಲೋ. ಮ್ಯಾಲಿನವ್ರು ನನ್ನ ಸುಲಿದಾರು."

"ನನಗ ಬಿಡಲಾರದ ಇನ್ಯಾರಿಗೆ ಬಿಡ್ತಿ?"

"ನೋಡೋಣು, ಹೋಗು," ಎಂದ ಅಪ್ಪ. ನಾನು ಲೋಟ ತೆಗೆದುಕೊಂಡು ಒಳಗೆ ಬಂದೆ. ಅಷ್ಟೇ.

ನಮ್ಮಪ್ಪ "ನೋಡೋಣು" ಎಂದರೆ ಆಯಿತೆಂದೇ ಅರ್ಥ. ಎಲ್ಲರೂ ಮಲಗಿದ ಮೇಲೆ ಹೋಗಿ ಗೆಳೆಯನ ತೂಬು ಎತ್ತಿ ಬಂದು ಮಲಗಿದ. ನಸುಕಿಗೆ ಎದ್ದು, "ನೀರು ಆ ತುದಿ ಮುಟ್ಟೈತೋ ಇಲ್ಲೋ ನೋಡಿ, ಹಂಗs ಅವನ್ನ ಎಬ್ಬಿಸಿ ಹೇಳಿ ಬರ್ತೀನಿ, ಕುಣೀತಾನ ಮಗ" ಎಂದು ಅವ್ವನಿಗೆ ಹೇಳಿ ಹೋದ. ಗುಡ್ಡಪ್ಪ ಆ ದಿನ ಅಟ್ಟದ ಮೇಲಿರುವುದು ಅವನಿಗೆ ಗೊತ್ತಿರಲಿಲ್ಲ. ನೀರು ಬಂದದ್ದು ಗುಡ್ಡಪ್ಪನಿಗೆ ಗೊತ್ತಿರಲಿಲ್ಲ.

ಮುಂದಿನದನ್ನು ಗುಡ್ಡಪ್ಪನೇ ಅವ್ವನ ಮುಂದೆ ಹೇಳಿದ್ದು. ಮಂಜು ಮುಸುಕಿತ್ತಂತೆ. ಮಡಿಯೆಲ್ಲ ಬೂದುಬಣ್ಣ. ನಿನ್ನೆಯ ಒಣ ಮಣ್ಣೇ ಎಂದುಕೊಂಡ. ಆ ತುದಿಯಲ್ಲಿ ಕರಿ ಹಿಂಡು ಸರಿಯಿತು. ತನ್ನಪ್ಪ ಕಲಿಸಿದ ಹಾಗೆ ಮೇಲಿನಿಂದ ಕೆಳಕ್ಕೆ, ನೆಲದ ಕಡೆಗೆ ಗುರಿ ಇಟ್ಟು ಕುದುರೆ ಎಳೆದ. ಢಂ ಎಂದಿತು. ಹೊಗೆಯೊಳಗೆ ಒಂದು ಸಣ್ಣ ಚಳಕ್ ಕೇಳಿಸಿದ ಹಾಗಾಯಿತು, ಹೆಂಟೆ ಒಡೆದಿರಬೇಕೆಂದುಕೊಂಡ. ಕಣ್ಣು ಮುಚ್ಚಿ ಎರಡನೇ ಸದ್ದಿಗೆ ಕಾದ. ಬರಲಿಲ್ಲ. ತಪ್ಪಿತು, ನೆಲ ನುಂಗಿತು. ಅವಸರ ಮಾಡದೆ ನಳಿಗೆ ಒರೆಸಿ, ಮದ್ದು ಅಳೆದು, ಗುಂಡು ಜಡಿದು, ಒಂದು ಬೀಡಿ ಹಚ್ಚಿದ.

ಬೀಡಿ ಮುಗಿಯುವ ಹೊತ್ತಿಗೆ ಹೊತ್ತು ಮೂಡಿ ಮಂಜು ಎದ್ದಿತು. ಮಡಿಯ ತುಂಬ ನೀರು ಹೊಳೆಯುತ್ತಿತ್ತು.

ನೀರು ಕಂಡ ಕೂಡಲೇ ಅವನಿಗೆ ತಿಳಿಯಿತಂತೆ. ಕೆರೆಯಲ್ಲಿ ಹುಡುಗರು ಬಿಲ್ಲೆಕಲ್ಲು ಬೀಸಿ ಕುಣಿಸುವುದನ್ನು ಯಾರು ನೋಡಿಲ್ಲ? ನೆಲ ನುಂಗುತ್ತದೆ, ನೀರು ನುಂಗುವುದಿಲ್ಲ, ಎತ್ತಿ ಒಗೆಯುತ್ತದೆ. ಇನ್ನೊಂದೂ ತಿಳಿಯಿತು. ನೀರು ಬಂದಿದೆ ಎಂದರೆ ಹುಲುಗಪ್ಪ ಬಂದಿದ್ದಾನೆ. ಬಂದೂಕು ಎಸೆದು ಆ ನೀರಿನಲ್ಲೇ ಬಿದ್ದು ಎದ್ದು ಓಡಿದ.

ಅಪ್ಪ ಆಚೆ ಬದುವಿನ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಗುಂಡು ಎದೆಯ ಕೆಳಗೆ ಹೊಕ್ಕಿತ್ತು, ಕೂಗಲು ಉಸಿರಿರಲಿಲ್ಲ. ಹೊತ್ತುಕೊಂಡು ಕಂಪ್ಲಿ ರಸ್ತೆಗೆ ಓಡುವಾಗ ಬೆನ್ನ ಮೇಲಿಂದ ಒಂದೇ ಮಾತು ಕೇಳಿದನಂತೆ: "ನೀರು ತುದಿ ಮುಟ್ತೇನೋ?" ಕಬ್ಬಿನ ಲಾರಿಯೊಂದು ಸಿಕ್ಕಿತು. ಕಂಪ್ಲಿ ಮುಟ್ಟುವ ಮೊದಲೇ ಅಪ್ಪ ಹೋದ.

ಪೊಲೀಸರು ಬಂದರು, ಬಂದೂಕು ಹೋಯಿತು, ಕೇಸು ನಡೆಯಿತು. "ಬೇಕಂತ ಹೊಡದಿಲ್ರಿ. ಇಬ್ರೂ ಒಂದs ತಾಟಿನ್ಯಾಗ ಉಂಡೋರು," ಎಂದು ಅವ್ವ ಕಟಕಟೆಯಲ್ಲಿ ಹೇಳಿದಳು. ಗುಡ್ಡಪ್ಪನನ್ನು ಬಿಟ್ಟರು. ಬಿಟ್ಟದ್ದೇ ಅವನಿಗೆ ಶಿಕ್ಷೆಯಾಯಿತೇನೋ. ಆ ಮಡಿಯಲ್ಲಿ ಅವನು ನಾಟಿ ಮಾಡಲಿಲ್ಲ. ಬೇರೆ ಪಾತಿಯಲ್ಲಿ ಎಬ್ಬಿಸಿದ್ದ ಸಸಿ ಅಲ್ಲೇ ಹಳದಿಯಾಗಿ ಸತ್ತಿತು. ಹಂದಿ ಓಡಿಸಲು ಎಣ್ಣೆ ಡಬ್ಬ ಬಡಿಯುತ್ತ ತಿರುಗುತ್ತಿದ್ದ, ನಮ್ಮ ಹೊಲಕ್ಕೂ ಕೇಳದೆಯೇ ಬಂದು ಬಡಿಯುತ್ತಿದ್ದ. ಜನ ನಗುತ್ತಿದ್ದರು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಒಂದು ಮಾತ್ರ ಯಾರಿಗೂ ಅರ್ಥವಾಗಲಿಲ್ಲ. ಎಲ್ಲಿ ಏನು ಢಂ ಎಂದರೂ, ಟ್ರ್ಯಾಕ್ಟರ್ ಟೈರು ಒಡೆದರೂ, ಅವನು ಇದ್ದಲ್ಲೇ ನಿಂತು ಕಣ್ಣು ಮುಚ್ಚಿಬಿಡುತ್ತಿದ್ದ.

ನನ್ನ ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ಅಪ್ಪ ಮಾಡಬೇಕಾದ ಓಡಾಟವನ್ನೆಲ್ಲ ಗುಡ್ಡಪ್ಪನೇ ಮಾಡಿದ. ಪಂಕ್ತಿಯಲ್ಲಿ ಅನ್ನ ನೀಡುತ್ತಿದ್ದಾಗ ಬೀಗರ ಕಡೆಯ ಹುಡುಗರು ಪಟಾಕಿ ಹಚ್ಚಿದರು. ಅನ್ನದ ಬುಟ್ಟಿ ಹಿಡಿದವನು ಹಾಗೇ ನಿಂತ. ಕಣ್ಣು ಮುಚ್ಚಿದ, ಕತ್ತು ಓರೆಯಾಯಿತು. ಉಣ್ಣಲು ಕೂತವರು "ಅನ್ನ, ಅನ್ನ" ಎಂದು ಕೂಗಿದರು. ಯಾರೋ ಕಿಸಕ್ಕನೆ ನಕ್ಕರು. ಬಾಸಿಂಗ ಕಟ್ಟಿಕೊಂಡ ನನಗೆ ನಕ್ಕವರ ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

ಅವ್ವ ಹೋಗಿ ಅವನ ಮೊಣಕೈ ಹಿಡಿದಳು. "ಗುಡ್ಡಪ್ಪ, ಯಾಕೋ, ಏನ್ ಕೇಳಾಕತ್ತಿ?"

"ಎರಡನೇದ್ದು ಅಕ್ಕಾ. ಇನ್ನಾ ಬಂದಿಲ್ಲ."

"ಅದು ಆವತ್ತs ಬಿತ್ತಲ್ಲೋ. ಇನ್ನ ಬರಂಗಿಲ್ಲ. ಬಾ, ಅನ್ನ ನೀಡು."

ಅವನು ಕಣ್ಣು ತೆರೆಯಲಿಲ್ಲ. "ನಾ ಕೇಳಲಿಲ್ಲಲ್ಲ ಅಕ್ಕಾ. ಅವ ಅಲ್ಲಿ ಬಿದ್ದಿದ್ದ, ನಾ ಬೀಡಿ ಸೇದಿದೆ."

ಅವ್ವ ಅವನ ಕೈಯಿಂದ ಬುಟ್ಟಿ ಇಸಿದುಕೊಂಡು ತಾನೇ ಅನ್ನ ನೀಡುತ್ತ ಹೋದಳು.